ಹಳದಿ ಪ್ರತಿ

ಮೊದಲ ಕ್ವಾರ್ಟರಿಗೆ ಕೆಂಪು ಇಂಕು, ಎರಡನೆಯದಕ್ಕೆ ನೀಲಿ,
ಮತ್ತೆ ಕೆಂಪು, ಮತ್ತೆ ನೀಲಿ.
ಬುಟ್ಟಿಗೆ ಹಾಕಿದವನ ನಂಬರು ಬರೆಯಬೇಕು,
ಕೊಟ್ಟವನ ನಂಬರಿಗೆ ಜಾಗವಿಲ್ಲ.
ಇಪ್ಪತ್ತಾರು ವರ್ಷದಿಂದ ಹಾಸನದ ಸ್ಟೇಡಿಯಮ್ಮಿನ
ಈ ಕುಂಟು ಮೇಜಿನ ಹಿಂದೆ ಕೂತು
ನಾನು, ಡ್ರಾಯಿಂಗ್ ಮೇಷ್ಟ್ರು, ಬರೆದದ್ದಿಷ್ಟೆ.

ನೂರುಲ್ಲಾನನ್ನು ಕಂಡದ್ದು ಅದಕ್ಕೂ ಮೊದಲು.
ಪೆನ್ಷನ್ ಮೊಹಲ್ಲಾದ ತಿರುವಿನಲ್ಲಿ ಅವನಪ್ಪನ ಪಂಕ್ಚರ್ ಅಂಗಡಿ,
ಶಾಲೆಯ ಒಂದೇ ಚೆಂಡು ತಿಂಗಳಿಗೆರಡು ಸಲ ಅಲ್ಲಿಗೆ.
ತಗಡಿನ ಬೋಗುಣಿಯ ಕಪ್ಪು ನೀರಲ್ಲಿ ಅದುಮಿ ಹಿಡಿದು
ಅಪ್ಪ ಹೇಳುತ್ತಿದ್ದ: ಚೆಂಡು ನೋಡಬೇಡ ಮಗಾ,
ಗುಳ್ಳೆ ಎಲ್ಲಿ ಏಳ್ತದೆ ನೋಡು.

ಅವನು ಆಡಿದ್ದೆಲ್ಲ ಅದೊಂದೇ ಆಟ.
ಒಂಬತ್ತು ಮೈಗಳ ನಡುವೆ ಎಲ್ಲಿ ಗಾಳಿ ಸೋರುತ್ತಿದೆಯೋ
ಚೆಂಡು ಅಲ್ಲಿರುತ್ತಿತ್ತು, ಇನ್ನೊಬ್ಬನ ಅಂಗೈಗೆ ಸರಿಯಾಗಿ.
ಆ ಇನ್ನೊಬ್ಬನಿಗೇ ಆಶ್ಚರ್ಯ.

ಐದಡಿ ಏಳಿಂಚು. ಅಷ್ಟಕ್ಕೆ ಯಾರೂ ಪರ್ಮನೆಂಟ್ ಮಾಡಲಿಲ್ಲ.
ಪೆರಂಬೂರಿನಲ್ಲಿ ಎಂಟು ತಿಂಗಳು, ಭಿಲಾಯಿಯಲ್ಲಿ ಒಂದು ಚಳಿಗಾಲ,
ಕೊಟ್ಟಾಯಂನಲ್ಲಿ ಪಂದ್ಯಕ್ಕಿಷ್ಟು ಅಂತ,
ಲೂಧಿಯಾನಾದಲ್ಲಿ ಹಾಲು ಮೊಟ್ಟೆ ಸೇರಿ ದಿನಕ್ಕಿಷ್ಟು ಅಂತ.
ಗೆಸ್ಟ್ ಪ್ಲೇಯರ್ ಅಂತಾರೆ ಮೇಷ್ಟ್ರೇ,
ಊಟ ಇರ್ತದೆ, ಮನೆ ಇರಲ್ಲ.
ಮುಂಬಯಿಯಲ್ಲಿ ಲೀಗು ಅಂತೊಂದು ಹುಟ್ಟಿತು, ದೀಪ, ಹೊಗೆ, ಡೋಲು;
ಎರಡನೇ ಸೀಸನ್ನಿನ ನಡುವೆ ಬಾಗಿಲು ಹಾಕಿತು.
ನಗದಾಗದ ಕೊನೆಯ ಚೆಕ್ಕನ್ನು ಲ್ಯಾಮಿನೇಟ್ ಮಾಡಿಸಿ
ಅಪ್ಪನ ಅಂಗಡಿಯಲ್ಲಿ, ಈಗ ತನ್ನದು, ತೂಗುಹಾಕಿದ್ದಾನೆ.
ಗಿರಾಕಿಗಳು ಪ್ರಶಸ್ತಿ ಅಂದುಕೊಳ್ಳುತ್ತಾರೆ.

ಹೋದಲ್ಲೆಲ್ಲ ಕೊನೆಗೆ ಸೇರಿದವನು, ಉಳಿದ ಜರ್ಸಿಯೇ ಅವನದು:
ನಾಲ್ಕು, ಹದಿಮೂರು, ಒಮ್ಮೆ ಐವತ್ತೈದು.
ಬೆನ್ನ ಮೇಲೆ ಬಿಟ್ಟುಹೋದವನ ಹೆಸರು,
ಹೆಸರಿನ ಮೇಲೆ ಬಿಳಿ ಟೇಪು,
ಬೆವರಿಗೆ ಟೇಪು ಕಿತ್ತು ಬಂದು
ಮೂರನೇ ಕ್ವಾರ್ಟರಿನಿಂದಾಚೆ ಅವನು ಯಾವನೋ ಸುಖದೇವ.

ಮೊನ್ನೆ ಭಾನುವಾರ ಚಿಕ್ಕಮಗಳೂರಿನವರು ಕರೆಸಿದ್ದರು,
ಹಾಸನದ ವಿರುದ್ಧ, ಹಾಸನದಲ್ಲೇ.
ನಲವತ್ತೊಂದು ವಯಸ್ಸು. ಎಡ ಮೊಣಕಾಲಿಗೆ ಕಪ್ಪು ಪಟ್ಟಿ,
ಟ್ಯೂಬಿನದೇ ಇರಬೇಕು, ನಾನು ಕೇಳಲಿಲ್ಲ.
ಅವನ ಕೇರಿಯ ಹುಡುಗರೇ ಮೆಟ್ಟಿಲ ಮೇಲಿಂದ ಕೂಗಿದರು:
ಅಂಕಲ್, ಲಾಸ್ಟ್ ಬಸ್ ಹೊರಡ್ತು!
ನಕ್ಕ, ಚೆಂಡು ಪುಟಿಸುವುದನ್ನು ನಿಲ್ಲಿಸದೆ.

ಒಂಬತ್ತು ಸೆಕೆಂಡು. ಒಂದು ಪಾಯಿಂಟು ಹಿಂದೆ.
ಎದುರಿಗಿದ್ದವನೊಬ್ಬ, ಅವನೂ ಜಾರಿದ್ದ,
ಬುಟ್ಟಿ ಬಾಯಿ ತೆರೆದುಕೊಂಡು ನಿಂತಿತ್ತು.
ಹಾಕಿದ್ದರೆ ಇಂಕು ಅವನದು.
ಕೈಗೆ ಅಭ್ಯಾಸ. ಮೂಲೆಗೆ ಕೊಟ್ಟ.
ಕಡೂರಿನ ಹುಡುಗ, ಹದಿನೆಂಟಿರಬಹುದು, ಪಾಪ,
ಹಲಗೆಗೂ ತಾಗಿಸಲಿಲ್ಲ.

ಆಮೇಲೆ ಮೇಜಿಗೆ ಬಂದು ನೀರು ಕುಡಿಯುತ್ತಾ ಬಗ್ಗಿ ನೋಡಿದ.
ಬಿಳಿ ಹಾಳೆ ಅಸೋಸಿಯೇಷನ್ನಿಗೆ, ಗುಲಾಬಿ ಗೆದ್ದವರಿಗೆ.
ಹಳದಿಯದನ್ನು ಅವನ ಕೈಗಿಟ್ಟೆ.
ಎರಡು ಪಾಯಿಂಟು, ನಾಲ್ಕು ಫೌಲು ಕಣೋ, ಅಂದೆ,
ಐದನೇ ಮನೆ ಖಾಲಿ ಉಳೀತು.
ಬೆರಳಿಟ್ಟು ಎಣಿಸಿದ.
ಇದರಲ್ಲಿ ಮೂರನೇದು, ನಾಲ್ಕನೇದು ನಂದಲ್ಲ ಮೇಷ್ಟ್ರೇ.
ಆ ಕಡೂರಿನವನದು. ಅವನಿಗೆ ಆಗಲೇ ನಾಲ್ಕಾಗಿತ್ತು,
ನಾನು ಕೈ ಎತ್ತಿಬಿಟ್ಟೆ.

ರೆಫರಿ ನೋಡಿರಲಿಲ್ಲ. ನಾನೂ.
ಅವರು ತೋರಿಸಿದ ನಂಬರನ್ನು ದುಂಡಗೆ ಬರೆದಿದ್ದೆ.
ಇಪ್ಪತ್ತಾರು ವರ್ಷದ ನನ್ನ ದುಂಡು ಅಕ್ಷರ
ಒಮ್ಮೆಗೇ ಹೊಟ್ಟೆಯಲ್ಲಿ ಮಗ್ಗುಲು ಬದಲಿಸಿದ ಹಾಗಾಯಿತು.

ಚಿಕ್ಕಮಗಳೂರಿನ ವ್ಯಾನು ಹುಡುಗರನ್ನು ತುಂಬಿಕೊಂಡು ಹೊರಟಿತು.
ಅವನು ಹಾಳೆಯನ್ನು ಉಂಡೆ ಮಾಡಿ
ಎಡಗಾಲಿನ ಶೂ ಒಳಗೆ ತುರುಕಿದ, ಒದ್ದೆ ಹೀರಲಿ ಅಂತ,
ಬಲದ್ದಕ್ಕೆ ಇನ್ನೊಂದಿದ್ಯಾ ಅಂತ ಕೇಳಿದ.
ಇದ್ದದ್ದು ಗುಲಾಬಿ. ಕೊಟ್ಟೆ.
ಲೇಸು ಗಂಟು ಹಾಕಿ ಹೆಗಲಿಗೆ ಜೋತುಹಾಕಿಕೊಂಡು
ಬರಿಗಾಲಲ್ಲಿ ಮೊಹಲ್ಲಾದ ಕಡೆ ನಡೆದ.